ಸಿವಿಲೈಸೇಶನ್ 6: ರಾಜಧಾನಿ ಚೆನ್ನಾಗಿದೆ, ಆದರೂ ಹಿಂದೆ ಬೀಳುವುದು ಯಾಕೆ?

ಪ್ರಶ್ನೆ: ನಗರ ಕಟ್ಟಿ ರಾಜ್ಯ ಬೆಳೆಸುವ ಕಂಪ್ಯೂಟರ್ ಆಟ ಸಿವಿಲೈಸೇಶನ್ 6 ಈಗಷ್ಟೇ ಶುರು ಮಾಡಿದ್ದೇನೆ. ಅದರ ವಿಸ್ತರಣೆ ಗ್ಯಾದರಿಂಗ್ ಸ್ಟಾರ್ಮ್ ಕೂಡ ಇದೆ. ಪ್ರಿನ್ಸ್ ಮಟ್ಟದಲ್ಲಿ ಆಡುತ್ತೇನೆ. ಪ್ರತಿ ಸಲ ನೂರನೇ ಟರ್ನ್ ಹೊತ್ತಿಗೆ ನನ್ನ ಹತ್ತಿರ ಎರಡು ನಗರ, ಎರಡು ಮೂರು ವಂಡರ್ (ಸ್ಟೋನ್‌ಹೆಂಜ್, ಪಿರಮಿಡ್‌ನಂಥ ಅದ್ಭುತ ಕಟ್ಟಡ) ಇರುತ್ತವೆ. ಉಳಿದವರೆಲ್ಲ ವಿಜ್ಞಾನದಲ್ಲಿ ನನ್ನನ್ನು ದಾಟಿ ಹೋಗಿರುತ್ತಾರೆ. ಯಾವ ರಾಜ್ಯಕ್ಕೂ ಸೇರದ ದಾಳಿಕೋರ ಬಾರ್ಬೇರಿಯನ್‌ಗಳ ಕಾಟ ಬೇರೆ. ಮೊದಲು ಏನು ಕಟ್ಟಬೇಕು, ಎಷ್ಟು ನಗರ ಬೇಕು, ಡಿಸ್ಟ್ರಿಕ್ಟ್ (ಒಂದೊಂದು ಕೆಲಸಕ್ಕೆ ಕಟ್ಟುವ ಬಡಾವಣೆ) ಎಲ್ಲಿ ಇಡಬೇಕು, ಪಕ್ಕದವರು ಯುದ್ಧಕ್ಕೆ ಬಂದರೆ ಏನು ಮಾಡಬೇಕು, ಧರ್ಮ ಬೇಕೇ ಬೇಕಾ, ಯಾವ ಗೆಲುವಿಗೆ ಹೋಗಬೇಕು? ಹಾಗೇ, ಆಟದಲ್ಲಿ ಭಾರತದ ನಾಯಕರಾದ ಗಾಂಧೀಜಿ ಅಣುಬಾಂಬ್ ಹಾಕುತ್ತಾರೆ ಅನ್ನುವುದು ನಿಜಾನಾ?

ಉತ್ತರ: ನೂರನೇ ಟರ್ನ್‌ಗೆ ಎರಡೇ ನಗರ ಅಂದಿರಲ್ಲ, ಕಾಯಿಲೆ ಅಲ್ಲೇ ಇದೆ. ಉಳಿದ ಪ್ರಶ್ನೆಗಳಿಗೂ ಬರುತ್ತೇನೆ, ಆದರೆ ಇದೊಂದು ಸರಿ ಹೋಗದೆ ಉಳಿದಿದ್ದು ಯಾವುದೂ ಸರಿ ಹೋಗುವುದಿಲ್ಲ. ಈ ಆಟದಲ್ಲಿ ವಿಜ್ಞಾನ ಕೊಡುವ ಕ್ಯಾಂಪಸ್ ಆಗಲಿ, ಹಣ ತರುವ ಕಮರ್ಷಿಯಲ್ ಹಬ್ ಆಗಲಿ, ಒಂದು ನಗರಕ್ಕೆ ಒಂದೇ. ರಾಜಧಾನಿಯನ್ನು ಎಷ್ಟೇ ಮುದ್ದು ಮಾಡಿ ಬೆಳೆಸಿದರೂ ಅಲ್ಲಿ ಎರಡನೇ ಕ್ಯಾಂಪಸ್ ಕಟ್ಟಲು ಬಿಡುವುದಿಲ್ಲ. ಪಕ್ಕದವನಿಗೆ ಆರು ನಗರ ಇದ್ದರೆ ಆರು ಕ್ಯಾಂಪಸ್, ಆರು ಲೈಬ್ರರಿ, ಜೊತೆಗೆ ಮಾರ್ಕೆಟ್ ಕಟ್ಟಿದ ಪ್ರತಿ ನಗರದಿಂದ ಇನ್ನೊಂದು ಟ್ರೇಡ್ ರೂಟ್. ನಿಮ್ಮ ಎರಡು ನಗರ ಎಷ್ಟು ಚೆಂದ ಇದ್ದರೂ ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಸಿವಿಲೈಸೇಶನ್ 5 ಆಡಿದವರು ನಿಮಗೆ "ನಾಲ್ಕು ನಗರ ಸಾಕು" ಅಂದಿರಬಹುದು. ಆ ಆಟಕ್ಕೆ ಆ ಮಾತು ಸರಿ, ಅಲ್ಲಿ ನಗರ ಹೆಚ್ಚಾದ ಹಾಗೆ ಸಂಶೋಧನೆ ದುಬಾರಿ ಆಗುತ್ತಿತ್ತು, ಇಡೀ ರಾಜ್ಯದ ಸಂತೋಷ ಕುಸಿಯುತ್ತಿತ್ತು. 6ರಲ್ಲಿ ಆ ದಂಡ ಇಲ್ಲ. ನೂರನೇ ಟರ್ನ್‌ಗೆ ಆರು ನಗರ ಅಂತ ಗುರಿ ಇಟ್ಟುಕೊಳ್ಳಿ. ಪಳಗಿದವರು ಎಂಟು ಹತ್ತು ಮಾಡುತ್ತಾರೆ, ಅದು ಆಮೇಲೆ ನೋಡೋಣ.

ಈಗ ವಂಡರ್ ವಿಷಯ. ಸ್ಟ್ಯಾಂಡರ್ಡ್ ವೇಗದಲ್ಲಿ ಸ್ಟೋನ್‌ಹೆಂಜ್‌ಗೆ 180 ಪ್ರೊಡಕ್ಷನ್ (ಕಟ್ಟುವ ಶ್ರಮದ ಲೆಕ್ಕ) ಬೇಕು. ಮೊದಲ ಸೆಟ್ಲರ್‌ಗೆ, ಅಂದರೆ ಹೊಸ ನಗರ ಕಟ್ಟುವವನಿಗೆ, 80. ಆಟದ ಶುರುವಿನಲ್ಲಿ ನಿಮ್ಮ ರಾಜಧಾನಿ ಟರ್ನ್‌ಗೆ ಐದಾರು ಪ್ರೊಡಕ್ಷನ್ ಕೊಡುತ್ತಿರುತ್ತದೆ, ಅಂದರೆ ಒಂದು ವಂಡರ್ ಹಿಡಿದು ಕೂತರೆ ಮೂವತ್ತು ಟರ್ನ್ ಬೇರೆ ಏನೂ ಇಲ್ಲ. ಅಷ್ಟರಲ್ಲಿ ಪಕ್ಕದವನು ನಿಮಗೂ ಅವನಿಗೂ ನಡುವೆ ಇದ್ದ ಒಳ್ಳೆ ಜಾಗವನ್ನೆಲ್ಲ ಹಿಡಿದಿರುತ್ತಾನೆ. ವಂಡರ್ ಆಮೇಲೂ ಕಟ್ಟಬಹುದು, ಜಾಗ ಆಮೇಲೆ ಸಿಗುವುದಿಲ್ಲ. ಇದಕ್ಕೆ ಒಂದು ವಿನಾಯಿತಿ ಪಿರಮಿಡ್. ನೆಲ ಸುಧಾರಿಸುವ ಎಲ್ಲ ಬಿಲ್ಡರ್‌ಗಳಿಗೂ ಒಂದು ಹೆಚ್ಚಿನ ಕೆಲಸ ಸಿಗುತ್ತದೆ, ಆಟ ಮುಗಿಯುವ ತನಕ ಆ ಲಾಭ ಬರುತ್ತಲೇ ಇರುತ್ತದೆ. ಆದರೆ ಅದಕ್ಕೆ ಸಮತಟ್ಟಾದ ಮರುಭೂಮಿ ಬೇಕು, ಹತ್ತಿರದಲ್ಲಿ ಇದ್ದರೆ ಸರಿ, ಇಲ್ಲದಿದ್ದರೆ ಹುಡುಕಿಕೊಂಡು ಹೋಗಬೇಡಿ.

ಮೊದಲ ಟರ್ನ್‌ನಿಂದ ಶುರು ಮಾಡೋಣ. ಕೈಯಲ್ಲಿ ಒಬ್ಬ ಸೆಟ್ಲರ್, ಒಬ್ಬ ವಾರಿಯರ್. ಸೆಟ್ಲರ್ ಮೇಲೆ ಕ್ಲಿಕ್ ಮಾಡಿದ ಕೂಡಲೇ ನೆಲಕ್ಕೆ ಬಣ್ಣ ಬರುತ್ತದೆ: ಗಾಢ ಹಸಿರು ಅಂದರೆ ಸಿಹಿ ನೀರು ಇದೆ, ತಿಳಿ ಹಸಿರು ಅಂದರೆ ಸಮುದ್ರ ತೀರ, ಬೂದು ಅಂದರೆ ನೀರಿಲ್ಲ, ಕೆಂಪು ಅಂದರೆ ಅಲ್ಲಿ ಊರು ಕಟ್ಟಲು ಆಗುವುದಿಲ್ಲ. ನದಿ ಪಕ್ಕ ಕಟ್ಟಿದರೆ 5 ಹೌಸಿಂಗ್ (ಎಷ್ಟು ಜನಕ್ಕೆ ಜಾಗ ಅನ್ನುವ ಲೆಕ್ಕ), ತೀರದಲ್ಲಿ 3, ನೀರಿಲ್ಲದ ಕಡೆ 2. ಈ ಅಂಕಿ ಸಣ್ಣದು ಅನ್ನಿಸುತ್ತದೆ, ಆದರೆ ಜನಸಂಖ್ಯೆ ಹೌಸಿಂಗ್‌ಗಿಂತ ಒಂದೇ ಕಡಿಮೆ ಆದ ಕ್ಷಣವೇ ನಗರದ ಬೆಳವಣಿಗೆ ಅರ್ಧಕ್ಕೆ ಇಳಿಯುತ್ತದೆ. ನೀರಿಲ್ಲದ ಕಡೆ ಕಟ್ಟಿದ ಊರು ಮೊದಲ ದಿನದಿಂದಲೇ ಏದುಸಿರು ಬಿಡುತ್ತಿರುತ್ತದೆ. ಮುಂದೆ ನೀರು ತರುವ ಅಕ್ವಡಕ್ಟ್ ಕಟ್ಟಿ ಸರಿ ಮಾಡಬಹುದು, ಆದರೆ ಅದು ತುಂಬ ಮುಂದಿನ ಮಾತು.

ಸಾಧ್ಯವಾದರೆ ಬಯಲು ಗುಡ್ಡದ ಮೇಲೆ ಕಟ್ಟಿ, ಅಂದರೆ ಆಟದಲ್ಲಿ ಪ್ಲೇನ್ಸ್ ಹಿಲ್ಸ್ ಅಂತ ತೋರಿಸುವ ಟೈಲ್ (ಮ್ಯಾಪ್‌ನ ಒಂದು ಮನೆ). ಸಾಮಾನ್ಯ ನಗರದ ನಡುಟೈಲ್ 2 ಆಹಾರ, 1 ಪ್ರೊಡಕ್ಷನ್ ಕೊಡುತ್ತದೆ. ಬಯಲು ಗುಡ್ಡದ ಮೇಲಾದರೆ 2 ಆಹಾರ, 2 ಪ್ರೊಡಕ್ಷನ್. ಐದಾರು ಪ್ರೊಡಕ್ಷನ್ ಇರುವ ಹೊತ್ತಿನಲ್ಲಿ ಆ ಒಂದು ಎಷ್ಟು ದೊಡ್ಡದು ಅಂತ ನೀವೇ ಲೆಕ್ಕ ಹಾಕಿ. ಅಂಥ ಜಾಗ ಒಂದೆರಡು ಹೆಜ್ಜೆಯಲ್ಲಿ ಕಂಡರೆ ಹೋಗಿ ಕಟ್ಟಿ, ಕಾಣದಿದ್ದರೆ ನಿಂತಲ್ಲೇ ಕಟ್ಟಿಬಿಡಿ. ಇನ್ನೂ ಒಳ್ಳೆಯದು ಸಿಗಬಹುದು ಅಂತ ಐದು ಟರ್ನ್ ಅಲೆದಾಡುವುದು ದಡ್ಡತನ. ಮ್ಯಾಪ್ ಆಯ್ಕೆಗಳಲ್ಲಿ ಟೈಲ್‌ಗಳ ಇಳುವರಿ ತೋರಿಸುವ ಗುರುತುಗಳನ್ನು ಆನ್ ಮಾಡಿಕೊಳ್ಳಿ, ಆಮೇಲೆ ಎಂದೂ ಆಫ್ ಮಾಡಬೇಡಿ. ಚಿತ್ರ ಸ್ವಲ್ಪ ಗಜಿಬಿಜಿ ಕಾಣುತ್ತದೆ, ಆದರೆ ಆ ಅಂಕಿಗಳಿಲ್ಲದೆ ಆಡುವುದು ಕತ್ತಲಲ್ಲಿ ತಡಕಾಡಿದ ಹಾಗೆ.

ಮೊದಲು ಏನು ಕಟ್ಟಬೇಕು? ಸ್ಕೌಟ್. ಸುತ್ತಲಿನ ನೆಲ ಹುಡುಕಲು ಅವನು ಬೇಕು, ಬೇರೆ ಯೋಚನೆಯೇ ಬೇಡ. ಸಿಟಿ ಸ್ಟೇಟ್ (ಒಂದೇ ನಗರದ ಪುಟ್ಟ ರಾಜ್ಯ) ಒಂದನ್ನು ಎಲ್ಲರಿಗಿಂತ ಮೊದಲು ನೀವು ಭೇಟಿಯಾದರೆ ಅಲ್ಲಿಗೆ ಒಬ್ಬ ಎನ್ವಾಯ್ (ದೂತ) ಪುಕ್ಕಟೆ, ಅದರಿಂದ ನಿಮ್ಮ ರಾಜಧಾನಿಗೆ ವಿಜ್ಞಾನವೋ ಸಂಸ್ಕೃತಿಯೋ ಹಣವೋ ಆಗಲೇ ಬರಲು ಶುರುವಾಗುತ್ತದೆ. ದಾರಿಯಲ್ಲಿ ಸಿಗುವ ಹಳ್ಳಿ ಗುಡಿಸಲುಗಳೂ ಏನಾದರೊಂದು ಕೊಡುತ್ತವೆ. ಬೇರೆ ನಾಗರಿಕತೆಯವರು ಸಿಕ್ಕರೆ ರೈಟಿಂಗ್ ತಂತ್ರಜ್ಞಾನಕ್ಕೆ ಯುರೇಕಾ, ಅಂದರೆ ಸಂಶೋಧನೆ ಬೇಗ ಮುಗಿಸುವ ನೆರವು, ಸಿಗುತ್ತದೆ. ಎರಡನೆಯದು ಕವಣೆ ಬೀಸುವ ಸ್ಲಿಂಗರ್, ಯಾಕೆ ಅನ್ನುವುದು ಬಾರ್ಬೇರಿಯನ್ ಹತ್ತಿರ ಹೇಳುತ್ತೇನೆ. ಮೂರನೆಯದು ಸೆಟ್ಲರ್. ಜನಸಂಖ್ಯೆ 2 ಆಗುವ ತನಕ ಸೆಟ್ಲರ್ ಮಾಡಲು ಬಿಡುವುದಿಲ್ಲ, ಮಾಡಿದಾಗ ಒಬ್ಬರು ಕಡಿಮೆ ಆಗುತ್ತಾರೆ. ಅದಕ್ಕೇ ಮೊದಲ ಎರಡು ಸಣ್ಣ ಕೆಲಸ ಮುಗಿಯುವಷ್ಟರಲ್ಲಿ ಊರು ಬೆಳೆದಿರುತ್ತದೆ, ಸಮಯ ಸರಿಯಾಗಿ ಕೂಡಿ ಬರುತ್ತದೆ. ಆಮೇಲೆ ಬಿಲ್ಡರ್, ಮತ್ತೆ ಸೆಟ್ಲರ್. ಮಾನ್ಯುಮೆಂಟನ್ನು ಹೊಸ ನಗರಗಳಲ್ಲಿ ಮೊದಲ ಕೆಲಸವಾಗಿ ಹಾಕಿ, ಗಡಿ ಬೇಗ ಹರಡುತ್ತದೆ.

ಬಿಲ್ಡರ್‌ಗೆ ಮೂರು ಕೆಲಸದ ಶಕ್ತಿ ಇರುತ್ತದೆ, ಮುಗಿದ ಮೇಲೆ ಅವನು ಮಾಯ. ಮೂರು ಟೈಲ್ ಸುಧಾರಿಸಿದರೆ ಕ್ರಾಫ್ಟ್ಸ್‌ಮನ್‌ಶಿಪ್ ಅನ್ನುವ ಸಿವಿಕ್‌ಗೆ (ಸಂಸ್ಕೃತಿಯಿಂದ ಕಲಿಯುವ ವಿಷಯ) ಯುರೇಕಾದಂಥದ್ದೇ ಇನ್‌ಸ್ಪಿರೇಷನ್ ಬರುತ್ತದೆ. ಅಂದರೆ ಮೊದಲ ಬಿಲ್ಡರ್‌ನ ಮೂರೂ ಕೆಲಸವನ್ನು ಫಾರ್ಮ್, ಮೈನ್, ಪಾಸ್ಚರ್ ಅಂಥದ್ದಕ್ಕೇ ಹಾಕಿ. ಅದರಲ್ಲೂ ಸಂಪನ್ಮೂಲ ಇರುವ ಟೈಲ್ ಆರಿಸಿಕೊಂಡರೆ ಒಂದೇ ಕೆಲಸಕ್ಕೆ ಎರಡು ಲಾಭ: ಸಂಪನ್ಮೂಲ ಇರುವ ಕಡೆ ಮೈನ್ ಮಾಡಿದರೆ ವೀಲ್‌ಗೆ ಯುರೇಕಾ, ಫಾರ್ಮ್ ಮಾಡಿದರೆ ಇರಿಗೇಷನ್‌ಗೆ, ಪಾಸ್ಚರ್ ಮಾಡಿದರೆ ಹಾರ್ಸ್‌ಬ್ಯಾಕ್ ರೈಡಿಂಗ್‌ಗೆ, ಕ್ವಾರಿ ಮಾಡಿದರೆ ಮೇಸನ್ರಿಗೆ. ಒಂದೊಂದು ಯುರೇಕಾ ಸಂಶೋಧನೆಯ ಶೇಕಡ 40ರಷ್ಟು ಕೆಲಸವನ್ನು ಬಿಟ್ಟಿಯಾಗಿ ಮುಗಿಸಿಕೊಡುತ್ತದೆ. ಅಷ್ಟು ಸಿಗುವಾಗ ಬಿಡಬಾರದು ಅಲ್ವಾ? ಯುರೇಕಾ ಇನ್ನೇನು ಬರುತ್ತದೆ ಅನ್ನಿಸಿದರೆ ಆ ಸಂಶೋಧನೆಯನ್ನು ಸುಮಾರು ಅರ್ಧಕ್ಕೆ ನಿಲ್ಲಿಸಿ ಬೇರೆಯದಕ್ಕೆ ಬದಲಾಯಿಸಿ. ಮಾಡಿದ ಕೆಲಸ ಕಳೆದು ಹೋಗುವುದಿಲ್ಲ, ವಾಪಸ್ ಬಂದಾಗ ಅಲ್ಲಿಂದಲೇ ಮುಂದುವರಿಯುತ್ತದೆ.

ಸಿವಿಕ್ಸ್ ಕಡೆ ಹೊಸಬರು ನೋಡುವುದೇ ಇಲ್ಲ, ಬಂದಿದ್ದನ್ನು ಒತ್ತುತ್ತಾ ಹೋಗುತ್ತಾರೆ. ಅಲ್ಲೇ ಸೆಟ್ಲರ್ ಅಗ್ಗ ಮಾಡುವ ದಾರಿ ಇದೆ. ಕೋಡ್ ಆಫ್ ಲಾಸ್ ಆದ ಮೇಲೆ ಅರ್ಬನ್ ಪ್ಲ್ಯಾನಿಂಗ್ ಅನ್ನುವ ಆಡಳಿತ ನೀತಿಯ ಕಾರ್ಡ್ ಹಾಕಿ, ಪ್ರತಿ ನಗರಕ್ಕೂ ಒಂದು ಪ್ರೊಡಕ್ಷನ್. ಆಮೇಲೆ ಫಾರಿನ್ ಟ್ರೇಡ್, ಅದು ಮುಗಿದರೆ ಮೊದಲ ಟ್ರೇಡ್ ರೂಟ್. ಅದರ ಮುಂದಿನದು ಅರ್ಲಿ ಎಂಪೈರ್. ಒಟ್ಟು ಜನಸಂಖ್ಯೆ 6 ಮುಟ್ಟಿದರೆ ಅದಕ್ಕೆ ಇನ್‌ಸ್ಪಿರೇಷನ್ ಬರುತ್ತದೆ. ಅಲ್ಲಿ ಕಾಲನೈಸೇಷನ್ ಕಾರ್ಡ್ ಸಿಗುತ್ತದೆ, ಸೆಟ್ಲರ್ ಕಟ್ಟುವ ವೇಗ ಶೇಕಡ 50 ಜಾಸ್ತಿ. ಪ್ರತಿ ಸೆಟ್ಲರ್ ಹಿಂದಿನದಕ್ಕಿಂತ ದುಬಾರಿ ಆಗುತ್ತಾ ಹೋಗುವುದರಿಂದ ಈ ಕಾರ್ಡ್ ಇಲ್ಲದೆ ನಾಲ್ಕನೆಯದರ ಹೊತ್ತಿಗೆ ಬೇಜಾರು ಬರುತ್ತದೆ. ನಾನಾದರೆ ಕಾರ್ಡ್ ಇಲ್ಲದೆ ಒಂದೋ ಎರಡೋ ಸೆಟ್ಲರ್ ಮಾಡಿ, ಕಾರ್ಡ್ ಬಂದ ಕೂಡಲೇ ಎರಡು ಮೂರು ನಗರಗಳಲ್ಲಿ ಒಟ್ಟಿಗೆ ಸೆಟ್ಲರ್ ಹಾಕಿ, ಆ ಅಲೆ ಮುಗಿದ ಮೇಲೆ ಕಾರ್ಡ್ ತೆಗೆದು ಇಲ್ಕಮ್ ಹಾಕುತ್ತೇನೆ, ಅದು ಬಿಲ್ಡರ್‌ಗಳಿಗೆ ಶೇಕಡ 30 ಕೊಡುತ್ತದೆ. ಒಂದು ಸಿವಿಕ್ ಮುಗಿದ ಟರ್ನ್‌ನಲ್ಲಿ ಕಾರ್ಡ್ ಬದಲಾವಣೆಗೆ ದುಡ್ಡಿಲ್ಲ, ಹಾಗಾಗಿ ಯಾವಾಗ ಯಾವುದು ಮುಗಿಯುತ್ತದೆ ಅಂತ ಒಂದು ಕಣ್ಣಿಟ್ಟಿರಿ.

ಅರ್ಲಿ ಎಂಪೈರ್ ಮತ್ತು ಸ್ಟೇಟ್ ವರ್ಕ್‌ಫೋರ್ಸ್ ಎರಡೂ ಒಂದೊಂದು ಗವರ್ನರ್ ಟೈಟಲ್ (ನಗರಕ್ಕೆ ಒಬ್ಬ ಅಧಿಕಾರಿಯನ್ನು ನೇಮಿಸುವ, ಇಲ್ಲವೇ ಇದ್ದವನ ಶಕ್ತಿ ಹೆಚ್ಚಿಸುವ ಹಕ್ಕು) ಕೊಡುತ್ತವೆ. ಹೊಸಬರು ಇಬ್ಬರಲ್ಲಿ ಒಬ್ಬರನ್ನು ಆರಿಸಿದರೆ ಸಾಕು, ಪಿಂಗಳ ಅಥವಾ ಮ್ಯಾಗ್ನಸ್. ಪಿಂಗಳ ಇದ್ದ ನಗರಕ್ಕೆ ವಿಜ್ಞಾನ, ಸಂಸ್ಕೃತಿ ಶೇಕಡ 15 ಹೆಚ್ಚು (ಹೌದು, ಛಂದಃಶಾಸ್ತ್ರದ ಅದೇ ಪಿಂಗಳ). ಮ್ಯಾಗ್ನಸ್ ಇದ್ದ ನಗರದಲ್ಲಿ ಕಾಡು ಕಡಿದರೆ ಬರುವ ಫಲ ಶೇಕಡ 50 ಹೆಚ್ಚು, ಎರಡನೇ ಟೈಟಲನ್ನೂ ಅವನಿಗೇ ಕೊಟ್ಟು ಪ್ರಾವಿಷನ್ ತೆಗೆದುಕೊಂಡರೆ ಆ ನಗರದಲ್ಲಿ ಸೆಟ್ಲರ್ ಮಾಡಿದಾಗ ಜನಸಂಖ್ಯೆ ಕಡಿಮೆ ಆಗುವುದೇ ಇಲ್ಲ. ನಗರ ಹೆಚ್ಚಿಸುವುದೇ ನಿಮ್ಮ ಕಷ್ಟ ಆಗಿರುವಾಗ ಮ್ಯಾಗ್ನಸ್ ಕಡೆಗೇ ನನ್ನ ಓಟು. ಮೈನಿಂಗ್ ಕಲಿತ ಮೇಲೆ ಬಿಲ್ಡರ್‌ನಿಂದ ಕಾಡು ಕಡಿಸಬಹುದು, ಆ ಪ್ರೊಡಕ್ಷನ್ ಆಗ ಕಟ್ಟುತ್ತಿರುವ ಕೆಲಸಕ್ಕೆ ಒಂದೇ ಏಟಿಗೆ ಸೇರುತ್ತದೆ. ಸೆಟ್ಲರ್ ಕಟ್ಟುತ್ತಿರುವಾಗ ಕಡಿಸಿದರೆ ಎಷ್ಟೋ ಟರ್ನ್ ಉಳಿಯುತ್ತದೆ.

ನಗರಗಳ ನಡುವೆ ಎಷ್ಟು ದೂರ ಇರಬೇಕು ಅನ್ನುವುದು ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಹೊಸಬರು ಊರುಗಳನ್ನು ದೂರ ದೂರ ಇಡುತ್ತಾರೆ, ಒಂದರ ಜಾಗವನ್ನು ಇನ್ನೊಂದು ತಿನ್ನದಿರಲಿ ಅಂತ. ಒಂದು ನಗರ ಕೆಲಸ ಮಾಡಿಸಬಹುದಾದದ್ದು ಮೂರು ಟೈಲ್ ದೂರದ ತನಕ ಮಾತ್ರ. ಆ ವೃತ್ತದಲ್ಲಿ 36 ಟೈಲ್ ಇರುತ್ತವೆ. ಹತ್ತು ಜನಸಂಖ್ಯೆ ಇರುವ ನಗರ, ಅದು ಆಟದ ನಡುಭಾಗಕ್ಕೆ ಒಳ್ಳೆ ನಗರವೇ, ದುಡಿಸುವುದು ಹೆಚ್ಚೆಂದರೆ ಹತ್ತು ಟೈಲ್. ಉಳಿದ 26 ಸುಮ್ನೆ ಬಿದ್ದಿರುತ್ತವೆ. ಹಾಗಿರುವಾಗ ಎರಡು ನಗರದ ವೃತ್ತ ಒಂದರ ಮೇಲೊಂದು ಬಂದರೆ ಏನು ನಷ್ಟ? ಆಟ ಒಪ್ಪುವ ಕನಿಷ್ಠ ಅಂತರ ನಡುವೆ ಮೂರು ಟೈಲ್. ಮೂರೋ ನಾಲ್ಕೋ ಬಿಟ್ಟು ಕಟ್ಟುತ್ತಾ ಹೋಗಿ. ಹತ್ತಿರ ಇದ್ದರೆ ಕಾಯುವುದೂ ಸುಲಭ, ಡಿಸ್ಟ್ರಿಕ್ಟ್‌ಗಳನ್ನು ಅಕ್ಕಪಕ್ಕ ಇಟ್ಟು ಲಾಭ ಪಡೆಯುವುದೂ ಸುಲಭ. ಇನ್ನೊಂದು ಕಾರಣ ಲಾಯಲ್ಟಿ, ಅಂದರೆ ನಗರಕ್ಕೆ ನಿಮ್ಮ ಮೇಲಿರುವ ನಿಷ್ಠೆ. ಒಂಬತ್ತು ಟೈಲ್ ಒಳಗಿನ ನಗರಗಳ ಜನರೆಲ್ಲ ಒಬ್ಬರ ಮೇಲೊಬ್ಬರು ಒತ್ತಡ ಹಾಕುತ್ತಾರೆ. ನಿಮ್ಮದೇ ಊರುಗಳು ಹತ್ತಿರ ಇದ್ದರೆ ಅದು ಬಲ. ಎದುರಾಳಿಯ ದೊಡ್ಡ ಊರಿನ ಪಕ್ಕ ಒಂಟಿಯಾಗಿ ಊರು ಕಟ್ಟಿದರೆ ಅದು ಕೆಲವೇ ಟರ್ನ್‌ಗಳಲ್ಲಿ ಕೈಬಿಟ್ಟು ಹೋಗುತ್ತದೆ. ಕಟ್ಟಲೇಬೇಕಾದರೆ ಒಬ್ಬ ಗವರ್ನರ್ ಅಲ್ಲಿಗೆ ಕಳಿಸಿ, ಟರ್ನ್‌ಗೆ 8 ಲಾಯಲ್ಟಿ ಸಿಗುತ್ತದೆ.

ನಗರ ಹೆಚ್ಚಾದರೆ ಜನ ಅತೃಪ್ತರಾಗುವುದಿಲ್ವಾ ಅಂತ ಕೇಳಬಹುದು. ಪ್ರತಿ ಎರಡು ಜನಸಂಖ್ಯೆಗೆ ಒಂದು ಅಮೆನಿಟಿ (ಜನರ ಖುಷಿಯ ಅಂಕಿ) ಬೇಕು, ಮೊದಲ ಇಬ್ಬರಿಗೆ ಬೇಡ. ಒಂದು ಬಗೆಯ ಲಕ್ಷುರಿ (ಐಷಾರಾಮಿ ಸಂಪನ್ಮೂಲ) ನಾಲ್ಕು ನಗರಕ್ಕೆ ಒಂದೊಂದು ಅಮೆನಿಟಿ ಕೊಡುತ್ತದೆ. ಅದೇ ಲಕ್ಷುರಿ ಎರಡನೆಯದು ಇದ್ದರೆ ನಿಮಗೆ ಅದರಿಂದ ಏನೂ ಬರುವುದಿಲ್ಲ, ಆದ್ದರಿಂದ ಮಾರಿಬಿಡಿ. ಹಣಕ್ಕೆ ಕೊಡಿ, ಇಲ್ಲವೇ ಅವರ ಹತ್ತಿರ ಇರುವ ಬೇರೆ ಲಕ್ಷುರಿಗೆ ಬದಲಾಯಿಸಿಕೊಳ್ಳಿ. ಕಂಪ್ಯೂಟರ್ ಎದುರಾಳಿಗಳು ಡಿಪ್ಲೊಮ್ಯಾಟಿಕ್ ಫೇವರ್ ಅನ್ನುವ ರಾಜತಾಂತ್ರಿಕ ಅಂಕಗಳಿಗೂ ಧಾರಾಳವಾಗಿ ದುಡ್ಡು ಕೊಡುತ್ತಾರೆ. ಹೊಸಬರ ಖಜಾನೆ ಖಾಲಿ ಇರುವುದಕ್ಕೆ ಮುಖ್ಯ ಕಾರಣ ಇದು, ಮಾರುವ ಸಾಮಾನು ಕೈಯಲ್ಲೇ ಇರುತ್ತದೆ, ವ್ಯಾಪಾರದ ಪರದೆ ತೆರೆಯುವುದೇ ಇಲ್ಲ. ಬಂದ ಹಣದಿಂದ ಬಿಲ್ಡರ್ ಅಥವಾ ಸೆಟ್ಲರ್ ಕೊಂಡುಕೊಳ್ಳಿ.

ಇನ್ನು ಬಾರ್ಬೇರಿಯನ್. ಇವರ ಕಾಟ ಹಣೆಬರಹ ಅಲ್ಲ, ಅದಕ್ಕೊಂದು ಕ್ರಮ ಇದೆ. ಶಿಬಿರದಿಂದ ಮೊದಲು ಬರುವುದು ಒಬ್ಬ ಸ್ಕೌಟ್. ಅವನು ಊರೂರು ಅಲೆಯುತ್ತಾ ನಿಮ್ಮ ನಗರ ನೋಡುತ್ತಾನೆ. ನೋಡಿದ ಕೂಡಲೇ ಅವನ ತಲೆಯ ಮೇಲೆ ಕೆಂಪು ಆಶ್ಚರ್ಯಸೂಚಕ ಚಿಹ್ನೆ ಬರುತ್ತದೆ. ಆಮೇಲೆ ಅವನು ಅಲೆಯುವುದಿಲ್ಲ, ನೇರ ಶಿಬಿರಕ್ಕೆ ವಾಪಸ್ ಓಡುತ್ತಾನೆ. ಅವನು ಅಲ್ಲಿ ಮುಟ್ಟಿದ ಮೇಲೆಯೇ ದಾಳಿಯ ದಂಡು ಹೊರಡುವುದು. ಅಂದರೆ ನಡುವೆ ನಿಮಗೆ ಒಂದಷ್ಟು ಟರ್ನ್ ಸಿಗುತ್ತದೆ. ಅವನು ನಿಮ್ಮ ವಾರಿಯರ್‌ಗಿಂತ ಬೇಗ ಓಡುತ್ತಾನೆ, ಬೆನ್ನು ಹತ್ತಿದರೆ ಸಿಗುವುದಿಲ್ಲ. ಅವನು ಬರುವಾಗಲೇ ಎರಡು ಕಡೆಯಿಂದ ಹಿಡಿಯಬೇಕು: ವಾರಿಯರ್ ಶಿಬಿರದ ದಿಕ್ಕಿನಲ್ಲಿ ದಾರಿ ಅಡ್ಡಗಟ್ಟಿ ನಿಲ್ಲಲಿ, ಸ್ಲಿಂಗರ್ ನಗರದ ಹತ್ತಿರ ಇರಲಿ. ವಾರಿಯರ್ ಎರಡೇಟು ಹಾಕಿ ಜೀವ ಕಡಿಮೆ ಮಾಡಿದ ಮೇಲೆ ಕೊನೆಯ ಏಟು ಸ್ಲಿಂಗರ್‌ನಿಂದ ಹಾಕಿಸಿ. ಸ್ಲಿಂಗರ್ ಯಾರನ್ನಾದರೂ ಕೊಂದರೆ ಆರ್ಚರಿಗೆ ಯುರೇಕಾ. ಆರ್ಚರಿ ಬಂದ ಮೇಲೆ ಅದೇ ಸ್ಲಿಂಗರ್‌ಗೆ ಸ್ವಲ್ಪ ಹಣ ಹಾಕಿ ಆರ್ಚರ್ ಮಾಡಿಕೊಳ್ಳಿ. ಸ್ಲಿಂಗರ್ ಒಂದು ಟೈಲ್ ದೂರ ಮಾತ್ರ ಹೊಡೆಯುತ್ತಾನೆ, ಆರ್ಚರ್ ಎರಡು ಟೈಲ್, ಏಟಿನ ಬಲ 15ರಿಂದ 25ಕ್ಕೆ ಏರುತ್ತದೆ. ಗುಡ್ಡದ ಮೇಲೆ, ಮುಂದೆ ನದಿ ಇರುವ ಕಡೆ ಇಬ್ಬರು ಆರ್ಚರ್ ನಿಂತರೆ ಆ ಕಡೆಯಿಂದ ಬರುವ ದಂಡಿನ ಕತೆ ಮುಗಿದ ಹಾಗೇ.

ಶಿಬಿರ ಹುಟ್ಟುವುದು ಯಾರ ಗಡಿಯೊಳಗೂ ಇಲ್ಲದ, ಯಾರ ಕಣ್ಣಿಗೂ ಬೀಳದ ಟೈಲ್‌ನಲ್ಲಿ. ಹಾಗಾಗಿ ಒಂದು ಶಿಬಿರ ಒಡೆದ ಮೇಲೆ ಯೋಧನನ್ನು ಊರಿಗೆ ಕರೆದುಕೊಂಡು ಬರಬೇಡಿ, ಅಲ್ಲೇ ಒಂದು ಗುಡ್ಡದ ಮೇಲೆ ನಿಲ್ಲಿಸಿ. ಅವನು ನೋಡುತ್ತಿರುವಷ್ಟು ಜಾಗದಲ್ಲಿ ಹೊಸ ಶಿಬಿರ ಏಳುವುದಿಲ್ಲ. ಕುದುರೆ ಇರುವ ಕಡೆ ಶಿಬಿರ ಎದ್ದರೆ ಮಾತ್ರ ಉಳಿದ ಕೆಲಸ ಬದಿಗಿಟ್ಟು ಅದನ್ನು ಮೊದಲು ಮುಗಿಸಿ, ಅಲ್ಲಿಂದ ಕುದುರೆ ದಂಡು ಬರುತ್ತದೆ, ಶುರುವಿನಲ್ಲಿ ಅದನ್ನು ತಡೆಯುವುದು ನಿಜಕ್ಕೂ ಕಷ್ಟ. ಡಿಸಿಪ್ಲಿನ್ ಕಾರ್ಡ್ ಹಾಕಿದರೆ ಬಾರ್ಬೇರಿಯನ್ ವಿರುದ್ಧ 5 ಬಲ ಸಿಗುತ್ತದೆ. ಇವರಿಂದ ಲಾಭವೂ ಇದೆ: ಮೂವರನ್ನು ಕೊಂದರೆ ಬ್ರಾಂಜ್ ವರ್ಕಿಂಗ್‌ಗೆ ಯುರೇಕಾ, ಒಂದು ಶಿಬಿರ ಒಡೆದರೆ ಮಿಲಿಟರಿ ಟ್ರೆಡಿಷನ್‌ಗೆ ಇನ್‌ಸ್ಪಿರೇಷನ್, ಜೊತೆಗೆ ಹಣ. ಸೆಟ್ಲರ್‌ನನ್ನು ಮಾತ್ರ ಒಬ್ಬನೇ ಕಳಿಸಬೇಡಿ. ಬಾರ್ಬೇರಿಯನ್ ಅವನನ್ನು ಕೊಲ್ಲುವುದಿಲ್ಲ, ಹಿಡಿದುಕೊಂಡು ಹೋಗುತ್ತಾನೆ, ನೋಡುವುದಕ್ಕೆ ಅದು ಇನ್ನೂ ಹೊಟ್ಟೆ ಉರಿಸುತ್ತದೆ. ವಾರಿಯರ್ ಜೊತೆ ಫಾರ್ಮೇಷನ್ ಮಾಡಿಸಿದರೆ ಇಬ್ಬರೂ ಒಟ್ಟಿಗೆ ನಡೆಯುತ್ತಾರೆ.

ಡಿಸ್ಟ್ರಿಕ್ಟ್ ಎಲ್ಲಿಡಬೇಕು ಅನ್ನುವುದು ನೋಡಲು ದೊಡ್ಡ ಗಣಿತ, ಶುರುವಿಗೆ ಎರಡೇ ಮಾತು ಸಾಕು. ಕ್ಯಾಂಪಸ್ ಬೆಟ್ಟದ ಪಕ್ಕ, ಕಮರ್ಷಿಯಲ್ ಹಬ್ ನದಿಯ ಪಕ್ಕ. ಪಕ್ಕದಲ್ಲಿರುವ ಪ್ರತಿ ದೊಡ್ಡ ಬೆಟ್ಟಕ್ಕೂ ಕ್ಯಾಂಪಸ್‌ಗೆ 1 ವಿಜ್ಞಾನ. ಮೂರು ಬೆಟ್ಟದ ನಡುವಿನ ಮೂಲೆ ಸಿಕ್ಕರೆ 3, ಆ ಕಾಲಕ್ಕೆ ಅದು ಒಂದು ಇಡೀ ಲೈಬ್ರರಿಗಿಂತ ಹೆಚ್ಚು. ಹವಳದ ದಿಬ್ಬ, ಬಿಸಿನೀರಿನ ಬಿರುಕು ಇದ್ದರೆ ಒಂದೊಂದಕ್ಕೆ 2. ಕಮರ್ಷಿಯಲ್ ಹಬ್‌ಗೆ ನದಿಯಿಂದ 2 ಹಣ, ಪಕ್ಕದಲ್ಲಿ ಹಾರ್ಬರ್ ಇದ್ದರೆ ಇನ್ನೂ 2. ಎರಡು ಡಿಸ್ಟ್ರಿಕ್ಟ್ ಅಂಟಿಕೊಂಡಿದ್ದರೆ ಒಂದಕ್ಕೊಂದು ಅರ್ಧ ಅಂಕ ಕೊಡುತ್ತವೆ. ಜನಸಂಖ್ಯೆ 1 ಇದ್ದರೆ ಒಂದು ಡಿಸ್ಟ್ರಿಕ್ಟ್, 4 ಆದರೆ ಎರಡನೆಯದು, 7ಕ್ಕೆ ಮೂರನೆಯದು, 10ಕ್ಕೆ ನಾಲ್ಕನೆಯದು. ಇಲ್ಲೂ ನೋಡಿ, ನಾಲ್ಕು ಜನಸಂಖ್ಯೆಯ ಐದು ಊರಿದ್ದರೆ ಹತ್ತು ಡಿಸ್ಟ್ರಿಕ್ಟ್. ಇಪ್ಪತ್ತು ಜನಸಂಖ್ಯೆಯ ಒಂದೇ ಊರಿದ್ದರೆ ಏಳು, ಅದೂ ಎಲ್ಲ ಬೇರೆ ಬೇರೆ ಬಗೆಯವು.

ಇದರಲ್ಲಿ ಆಟ ಎಲ್ಲೂ ಸರಿಯಾಗಿ ಹೇಳಿಕೊಡದ ಒಂದು ವಿಷಯ ಇದೆ. ನೀವು ತಂತ್ರಜ್ಞಾನ, ಸಿವಿಕ್ಸ್ ಕಲಿಯುತ್ತಾ ಹೋದ ಹಾಗೆ ಡಿಸ್ಟ್ರಿಕ್ಟ್ ಬೆಲೆ ಏರುತ್ತಾ ಹೋಗುತ್ತದೆ. ಆದರೆ ಜಾಗ ಗುರುತಿಸಿ ಇಟ್ಟ ಟರ್ನ್‌ನಲ್ಲಿ ಇದ್ದ ಬೆಲೆಯೇ ಅದಕ್ಕೆ ಖಾಯಂ. ಹಾಗಾಗಿ ಊರಿಗೆ ಹೊಸ ಡಿಸ್ಟ್ರಿಕ್ಟ್ ಹಕ್ಕು ಬಂದ ಕೂಡಲೇ ಜಾಗ ಹಾಕಿಬಿಡಿ, ಕಟ್ಟುವುದು ಯಾವಾಗಾದರೂ ಆಗಲಿ, ಪಟ್ಟಿಯಲ್ಲಿ ಕೆಳಗೆ ತಳ್ಳಿ ಸೆಟ್ಲರ್ ಮುಂದುವರಿಸಿ. ಆ ಟೈಲ್‌ನಲ್ಲಿ ಕಾಡಿದ್ದರೆ ಮೊದಲು ಬಿಲ್ಡರ್‌ನಿಂದ ಕಡಿಸಿ, ಆಮೇಲೆ ಜಾಗ ಹಾಕಿ. ಹಾಗೆ ಮಾಡದಿದ್ದರೆ ಆ ಮರ ಸುಮ್ನೆ ಮಾಯ ಆಗುತ್ತದೆ, ನಿಮಗೆ ಏನೂ ಸಿಗುವುದಿಲ್ಲ.

ಪಕ್ಕದವರ ಯುದ್ಧಕ್ಕೆ ಬರೋಣ. ಕಂಪ್ಯೂಟರ್ ಎದುರಾಳಿ ನಿಮ್ಮ ಸೈನ್ಯದ ಬಲ ನೋಡುತ್ತಾನೆ. ಒಂದೇ ವಾರಿಯರ್ ಇಟ್ಟುಕೊಂಡು ಎರಡು ವಂಡರ್ ಕಟ್ಟಿದವನು ಅವನ ಕಣ್ಣಿಗೆ ಸುಲಭದ ತುತ್ತು. ಮೂರು ಆರ್ಚರ್, ಗಡಿ ಕಡೆಯ ನಗರಕ್ಕೆ ಒಂದು ಸುತ್ತು ಗೋಡೆ, ಇಷ್ಟಿದ್ದರೆ ಪ್ರಿನ್ಸ್ ಮಟ್ಟದಲ್ಲಿ ಯಾರೂ ನಗರ ಕಸಿಯಲಾರರು. ಗೋಡೆ ಇದ್ದ ನಗರ ತಾನೇ ಬಾಣ ಬಿಡುತ್ತದೆ, ಕಟ್ಟಿದ್ದಕ್ಕೆ ಎಂಜಿನಿಯರಿಂಗ್ ಯುರೇಕಾ ಕೂಡ ಸಿಗುತ್ತದೆ. ಇನ್ನೊಂದು ದಾರಿ ಮಾತುಕತೆ. ಹೊಸ ನಾಯಕರು ಸಿಕ್ಕಿದ ಟರ್ನ್‌ನಲ್ಲೇ 25 ಹಣ ಕೊಟ್ಟು ಡೆಲಿಗೇಷನ್ (ನಿಯೋಗ) ಕಳಿಸಿ. ತಡ ಮಾಡಿದರೆ ಬೇರೆ ಕಾರಣಕ್ಕೆ ಮುಖ ಸಿಂಡರಿಸಿಕೊಂಡು ಬೇಡ ಅಂದುಬಿಡಬಹುದು. ಮುಖದ ಗುರುತು ಹಸಿರಾದ ಮೇಲೆ ಸ್ನೇಹ ಘೋಷಣೆ ಕೇಳಿ. ಒಪ್ಪಿದರೆ 30 ಟರ್ನ್ ಅವರು ನಿಮ್ಮ ಮೇಲೆ ಯುದ್ಧ ಸಾರುವ ಹಾಗಿಲ್ಲ. ಮೂವತ್ತು ಟರ್ನ್ ಅಂದರೆ ಎರಡು ಮೂರು ಹೊಸ ಊರು.

ಧರ್ಮ ಬೇಕೇ ಬೇಕು ಅಂತಿಲ್ಲ. ಎಂಟು ಜನ ಆಡುವ ಸ್ಟ್ಯಾಂಡರ್ಡ್ ಮ್ಯಾಪ್‌ನಲ್ಲಿ ಐದು ಧರ್ಮಕ್ಕೆ ಮಾತ್ರ ಜಾಗ, ಆ ಓಟದಲ್ಲಿ ಗೆಲ್ಲಬೇಕಾದರೆ ಹೋಲಿ ಸೈಟ್ ಅನ್ನುವ ಡಿಸ್ಟ್ರಿಕ್ಟ್ ಬೇಗ ಕಟ್ಟಬೇಕು, ಅದು ನಿಮ್ಮ ಸೆಟ್ಲರ್‌ಗಳನ್ನು ತಿನ್ನುತ್ತದೆ. ಮೊದಲ ಆಟಗಳಲ್ಲಿ ಬಿಟ್ಟುಬಿಡಿ. ಆದರೆ ಪ್ಯಾಂಥಿಯಾನ್, ಅಂದರೆ ಧರ್ಮಕ್ಕೂ ಮೊದಲು ಸಿಗುವ ದೈವನಂಬಿಕೆ, ಅದನ್ನು ಬಿಡಬೇಡಿ. 25 ಫೇತ್ (ಭಕ್ತಿಯ ಅಂಕ) ಸೇರಿದರೆ ಸಿಗುತ್ತದೆ, ಗಾಡ್ ಕಿಂಗ್ ಕಾರ್ಡ್ ಟರ್ನ್‌ಗೆ ಒಂದು ಫೇತ್ ಕೊಡುತ್ತದೆ. ಅದಕ್ಕೆ ಸ್ವಲ್ಪ ದಿನ ಅರ್ಬನ್ ಪ್ಲ್ಯಾನಿಂಗ್ ಬಿಟ್ಟುಕೊಡಬೇಕಾಗುತ್ತದೆ, ಹತ್ತಿರದಲ್ಲಿ ಫೇತ್ ಕೊಡುವ ಬೇರೆ ಮೂಲ ಇದ್ದರೆ ಬೇಡ. ಪಟ್ಟಿಯಲ್ಲಿ ರಿಲಿಜಿಯಸ್ ಸೆಟ್ಲ್‌ಮೆಂಟ್ಸ್ ಇನ್ನೂ ಉಳಿದಿದ್ದರೆ ಕಣ್ಣು ಮುಚ್ಚಿ ಅದನ್ನೇ ಆರಿಸಿ, ಒಬ್ಬ ಸೆಟ್ಲರ್ ಪುಕ್ಕಟೆ ಬರುತ್ತಾನೆ. ಒಂದು ಪ್ಯಾಂಥಿಯಾನ್ ಒಬ್ಬರಿಗೇ, ತಡ ಆದರೆ ಇರುವುದಿಲ್ಲ. ಯಾರಾದರೂ ತಮ್ಮ ಧರ್ಮವನ್ನು ಪ್ರತಿಯೊಂದು ರಾಜ್ಯದ ಅರ್ಧಕ್ಕಿಂತ ಹೆಚ್ಚು ನಗರಗಳಲ್ಲಿ ಹರಡಿದರೆ ಆಟ ಮುಗಿಯಿತು ಅನ್ನುವುದು ಮಾತ್ರ ನೆನಪಿರಲಿ. ಆಗಾಗ ಗೆಲುವಿನ ಪರದೆ ತೆರೆದು ನೋಡಿ. ಹಾಗೆ ಯಾರಾದರೂ ಹತ್ತಿರ ಬಂದರೆ ಅವರ ಮೇಲೆ ಯುದ್ಧ ಸಾರಿ, ನಿಮ್ಮ ನೆಲದಲ್ಲಿರುವ ಮಿಷನರಿಗಳನ್ನು ಸೈನಿಕರಿಂದ ತೆಗೆಸಬಹುದು.

ಗೆಲುವಿಗೆ ಮೊದಲ ಸಲ ವಿಜ್ಞಾನವೇ ಸರಿ, ದಾರಿ ನೇರ ಇದೆ. ಎಲ್ಲ ಊರಲ್ಲೂ ಕ್ಯಾಂಪಸ್, ರಾಕೆಟ್ರಿ ಬಂದ ಮೇಲೆ ಸ್ಪೇಸ್‌ಪೋರ್ಟ್, ಉಪಗ್ರಹ, ಚಂದ್ರ, ಮಂಗಳ, ಕೊನೆಗೆ ಹೊರಗ್ರಹಕ್ಕೆ ನೌಕೆ. ಅದು 50 ಜ್ಯೋತಿರ್ವರ್ಷ ಸಾಗಬೇಕು, ಸುಮ್ನೆ ಬಿಟ್ಟರೆ ಟರ್ನ್‌ಗೆ ಒಂದರಂತೆ ಸಾಗುತ್ತದೆ, ಲೇಸರ್ ಯೋಜನೆಗಳಿಂದ ವೇಗ ಹೆಚ್ಚಿಸಬಹುದು. ಸಂಸ್ಕೃತಿ ಗೆಲುವಿನ ಪ್ರವಾಸಿಗರ ಲೆಕ್ಕ ಹೊಸಬರಿಗೆ ತಲೆನೋವು. ಡಾಮಿನೇಷನ್‌ಗೆ ಎಲ್ಲರ ಮೂಲ ರಾಜಧಾನಿ ಹಿಡಿಯಬೇಕು, ಸಣ್ಣ ಮ್ಯಾಪ್‌ನಲ್ಲಿ ಮಜಾ, ದೊಡ್ಡದರಲ್ಲಿ ಬರೀ ಸೈನ್ಯ ಸಾಗಿಸುವ ಕೆಲಸ. ಡಿಪ್ಲೊಮ್ಯಾಟಿಕ್‌ಗೆ 20 ಪಾಯಿಂಟ್ ಬೇಕು, ಅದು ನಿಧಾನ. ಯಾರನ್ನು ಆರಿಸಿಕೊಳ್ಳುವುದು ಅಂದರೆ ರೋಮ್‌ನ ಟ್ರೇಜನ್. ಅವನು ಕಟ್ಟಿದ ಪ್ರತಿ ಊರಿಗೂ ಮಾನ್ಯುಮೆಂಟ್ ಬಿಟ್ಟಿ, ರಾಜಧಾನಿಗೆ ಹತ್ತಿರ ಇದ್ದರೆ ರಸ್ತೆಯೂ ತಾನಾಗಿ ಬರುತ್ತದೆ. ಮೇಲೆ ಹೇಳಿದ್ದಕ್ಕೆಲ್ಲ ಹೇಳಿ ಮಾಡಿಸಿದ ನಾಯಕ. ಪ್ರಿನ್ಸ್‌ನಿಂದ ಇಳಿಯಬೇಡಿ. ಅಲ್ಲಿ ನಿಮಗೂ ಎದುರಾಳಿಗೂ ಸಮ. ಕಿಂಗ್‌ನಿಂದ ಮೇಲೆ ಎದುರಾಳಿ ಜಾಣ ಆಗುವುದಿಲ್ಲ, ಅವನಿಗೆ ಉಡುಗೊರೆ ಜಾಸ್ತಿ ಆಗುತ್ತದೆ, ಅಷ್ಟೇ. ಕೊನೆಯ ಡೀಟಿ ಮಟ್ಟದಲ್ಲಿ ಅವನು ಮೂರು ಸೆಟ್ಲರ್ ಇಟ್ಟುಕೊಂಡೇ ಶುರು ಮಾಡುತ್ತಾನೆ. ಆಟ ಮಾಡಿದವರಿಗೂ ಗೊತ್ತು, ಬೇಗ ನಗರ ಕಟ್ಟಿದವನೇ ಮುಂದೆ ಅಂತ!

ಗಾಂಧೀಜಿ ವಿಷಯ. 1991ರ ಮೊದಲ ಆಟದಲ್ಲಿ ಅವರ ಜಗಳಗಂಟಿತನದ ಅಂಕಿ ಸೊನ್ನೆಗಿಂತ ಕೆಳಗಿಳಿದು, ತಿರುಗಿ 255 ಆಗಿಬಿಟ್ಟಿತು, ಅದಕ್ಕೇ ಬಾಂಬ್ ಹಾಕುತ್ತಿದ್ದರು ಅನ್ನುವ ಕತೆ ಎಲ್ಲರ ಬಾಯಲ್ಲೂ ಇದೆ. ಅಂಥ ದೋಷ ಇರಲೇ ಇಲ್ಲ ಅಂತ ಆಟ ಮಾಡಿದ ಸಿಡ್ ಮೈಯರ್ ಅವರೇ ಹೇಳಿದ್ದಾರೆ. ಆದರೆ ತಮಾಷೆ ಜನಪ್ರಿಯ ಆಯಿತು, ಮುಂದಿನ ಆಟಗಳಲ್ಲಿ ಅದನ್ನು ಬೇಕಂತಲೇ ಸೇರಿಸಿದರು. 6ರಲ್ಲಿ ಅವರ ಬಹಿರಂಗ ಸ್ವಭಾವ ಶಾಂತಿಪ್ರಿಯ, ಸುಮ್ನೆ ಯುದ್ಧ ಮಾಡುವವರನ್ನು ಕಂಡರೆ ಆಗುವುದಿಲ್ಲ. ಗುಪ್ತ ಸ್ವಭಾವದಲ್ಲಿ ಅಣ್ವಸ್ತ್ರದ ಆಸೆ ಬರುವ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ. ಅದಕ್ಕೆ ನೀವು ಈಗಲೇ ಹೆದರಬೇಕಾಗಿಲ್ಲ. ನ್ಯೂಕ್ಲಿಯರ್ ಫಿಶನ್, ಮ್ಯಾನ್‌ಹಟನ್ ಪ್ರಾಜೆಕ್ಟ್ ಆಗುವ ತನಕ ಯಾರ ಕೈಯಲ್ಲೂ ಬಾಂಬ್ ಇರುವುದಿಲ್ಲ, ಅಲ್ಲಿಯ ತನಕ ಅವರಷ್ಟು ಒಳ್ಳೆ ನೆರೆಯವರು ಸಿಗುವುದು ಕಷ್ಟ. ಅವರು ಪಕ್ಕದಲ್ಲಿ ಬಂದರೆ ಡೆಲಿಗೇಷನ್ ಕಳಿಸಿ, ಸ್ನೇಹ ಮಾಡಿಕೊಳ್ಳಿ, ಆ ಗಡಿಯಲ್ಲಿ ಒಬ್ಬ ಆರ್ಚರ್ ಇಟ್ಟು ಉಳಿದ ಸೈನ್ಯದ ಖರ್ಚನ್ನೆಲ್ಲ ಸೆಟ್ಲರ್‌ಗೆ ಹಾಕಿ.